ಕ್ಯೂಬ್ ರಿಜಿಸ್ಟರ್‌ನಲ್ಲಿ ಬರೆದ 17

ಕಾಂಕ್ರೀಟ್ ಹಾಕುವ ದಿನ ಸೈಟಿನ ಮೂಲೆಯಲ್ಲಿ ಒಬ್ಬ ಹುಡುಗ ಕಬ್ಬಿಣದ ಅಚ್ಚುಗಳಿಗೆ ಮಾಲು ತುಂಬುತ್ತಿರುತ್ತಾನೆ. ಒಂದೊಂದು ಅಚ್ಚೂ 150 ಮಿಲಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಮಾರನೇ ದಿನ ಅಚ್ಚು ಬಿಚ್ಚಿ, ತಾರೀಖು ಬರೆದು, ನೀರಿನ ತೊಟ್ಟಿಗೆ ಇಳಿಸುತ್ತಾನೆ. ಇವೇ ಕ್ಯೂಬ್. ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಯಂತ್ರಕ್ಕಿಟ್ಟು ಒಡೆಯುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಅನ್ನೋದು ರಿಜಿಸ್ಟರ್‌ಗೆ ಹೋಗುತ್ತದೆ. ನಾನು ಸೈಟ್ ಇಂಜಿನಿಯರ್ ಆಗಿ ಸೇರಿದಾಗ ಕೈಗೆ ಕೊಟ್ಟ ಮೊದಲ ಪುಸ್ತಕ ಅದು. ನಾನು ಸುಳ್ಳು ಬರೆದದ್ದೂ ಅದರಲ್ಲೇ.

ಬೆಂಗಳೂರಿನಲ್ಲಿ ಒಂದು ಚಿಕ್ಕ ಅಪಾರ್ಟ್‌ಮೆಂಟ್. ಎಂ-25 ಕಾಂಕ್ರೀಟ್. ಅಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೆಯಬೇಕು. 7 ದಿನಕ್ಕೆ 16-17 ಬಂದರೆ ನೆಮ್ಮದಿ. ಮೊದಲ ಮಹಡಿಯ ಸ್ಲ್ಯಾಬ್‌ಗೆ ಬಂದದ್ದು 12.

ಕಾರಣ ನನಗೆ ಗೊತ್ತಿತ್ತು. ಅವತ್ತು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಲಾರಿ ತಡವಾಗಿ ಬಂದಿತ್ತು. ಮಾಲು ಗಟ್ಟಿಯಾಗಿ ಪಂಪಿನಲ್ಲಿ ಹೋಗುತ್ತಿರಲಿಲ್ಲ. ಡ್ರೈವರ್ ಪೈಪ್ ಹಿಡಿದು "ಸ್ವಲ್ಪ ನೀರು ಬಿಡ್ಲಾ ಸಾರ್?" ಅಂದ. ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಆ ಕಡೆ ತಿರುಗಿಕೊಂಡೆ. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ.

ಫಲಿತಾಂಶ ನೋಡಿ ನಮ್ಮ ಸೀನಿಯರ್ ಅಂದರು: "17 ಅಂತ ಬರಿ. 28ಕ್ಕೆ ಬಂದೇ ಬರುತ್ತೆ. ಈ ಪುಸ್ತಕ ನೋಡೋರು ಯಾರಯ್ಯಾ, ಬಿಲ್ ಪಾಸ್ ಮಾಡೋ ಕನ್ಸಲ್ಟೆಂಟ್ ತಾನೆ?" ಬರೆದೆ. 28ನೇ ದಿನ ನಿಜವಾಗಿ 23 ಬಂತು. ಎಂ-25ಕ್ಕೆ ಒಂದೊಂದು ಸ್ಯಾಂಪಲ್ 22ಕ್ಕಿಂತ ಕೆಳಗೆ ಹೋಗಬಾರದು ಅನ್ನುವುದು ನಿಯಮ. ಬಚಾವಾದೆವು. ನನ್ನನ್ನು ಕೆಡಿಸಿದ್ದು ಅದೇ. ಅವತ್ತೇ ಏನಾದರೂ ಎಡವಟ್ಟಾಗಿದ್ದರೆ ಬುದ್ಧಿ ಬರುತ್ತಿತ್ತೇನೋ. ಏನೂ ಆಗಲಿಲ್ಲವಲ್ಲ, ಎರಡು ತಿಂಗಳ ಮೇಲೆ ಎರಡನೇ ಮಹಡಿಗೆ 11 ಬಂದಾಗ ಯಾರೂ ಹೇಳದೆಯೇ 17 ಅಂತ ಬರೆದೆ.

ಈ ಸಲ ಕನ್ಸಲ್ಟೆಂಟ್‌ಗಿಂತ ಮೊದಲು ಆ ಅಂಕಿ ಕೇಳಿದ್ದು ಸೆಂಟ್ರಿಂಗ್ ಮೇಸ್ತ್ರಿ, ಅಂದರೆ ಸ್ಲ್ಯಾಬ್ ಕೆಳಗೆ ಸಪೋರ್ಟ್ ಕೊಟ್ಟು ಆಮೇಲೆ ಬಿಚ್ಚುವವನು. ನಾನು ಸೈಟಿನಲ್ಲಿರಲಿಲ್ಲ. ಸ್ಟೋರ್ ಹುಡುಗ ಪುಸ್ತಕ ತೆಗೆದು "17 ಬಂದಿದೆ" ಅಂದ. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬ್‌ಗೆ 7 ದಿನದ ಮೇಲೆ ಸಪೋರ್ಟ್ ಬಿಚ್ಚಬಹುದು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ನಿಯಮಪುಸ್ತಕ ಐಎಸ್ 456 ಹೇಳುತ್ತದೆ. ಆದರೆ ಅದು ಸಾದಾ ಸಿಮೆಂಟಿನ ಲೆಕ್ಕ, ಕಾಂಕ್ರೀಟ್‌ಗೆ ಬೇಕಾದಷ್ಟು ಬಲ ಬಂದಿರಲೂಬೇಕು. ನಮ್ಮದು ನಿಧಾನಕ್ಕೆ ಬಲ ಹಿಡಿಯುವ ಪಿಪಿಸಿ ಸಿಮೆಂಟ್. ಪಾಪ, ಮೇಸ್ತ್ರಿ ಕೇಳಿಯೇ ಬಿಚ್ಚಿದ್ದ. 8ನೇ ದಿನ ಸ್ಲ್ಯಾಬ್ ಹೊತ್ತಿದ್ದ ಜಾಕಿಗಳೆಲ್ಲ ಕೆಳಗಿಳಿದವು.

ಮಾರನೇ ಬೆಳಗ್ಗೆ ನಾನು ಮೇಲೆ ಹತ್ತಿ ನೋಡಿದರೆ, ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಒಣಗದಿರಲಿ ಅಂತ, ಪಾತಿ ಕಟ್ಟಿ ನಿಲ್ಲಿಸಿದ್ದ ನೀರು ಅಂಚುಗಳಲ್ಲಿ ಒಣಗಿ, ಒಂದು ರೂಮಿನ ಮೇಲೆ ನಡುವಿಗೆ ಬಂದು ಕೂತಿತ್ತು. ಸ್ಲ್ಯಾಬ್ ಜಗ್ಗಿತ್ತು. ಕೆಳಗೆ ಹೋಗಿ ಟಾರ್ಚ್ ಬಿಟ್ಟರೆ ಕೂದಲೆಳೆಯಂಥ ಬಿರುಕುಗಳು. ಅದರ ಕೆಳಗೇ ಇಬ್ಬರು ಹೆಂಗಸರು ಕೂತು ತಿಂಡಿ ತಿನ್ನುತ್ತಿದ್ದರು.

ಕನ್ಸಲ್ಟೆಂಟ್ ಕಣ್ಣಿಗೆ ಅಂತ ಬರೆದ ಸುಳ್ಳು ಅದು. ನಂಬಿ ಕೆಲಸ ಮಾಡಿದವನು ನಮ್ಮ ಮೇಸ್ತ್ರಿ. ಬಿಲ್ಲಿಗೆ, ಆಡಿಟ್‌ಗೆ ಅಂತ ಬರೆದ ಅಂಕಿ ಅಲ್ಲಿಗೇ ನಿಲ್ಲುವುದಿಲ್ಲ. ಯಾರೋ ಅದನ್ನು ನೋಡಿ ಜಾಕಿ ಬಿಚ್ಚುತ್ತಾರೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನ್ಯೂಯಾರ್ಕಿನಲ್ಲಿ ಸಿಟಿಕಾರ್ಪ್ ಬ್ಯಾಂಕಿನ 59 ಮಹಡಿಯ ಕಟ್ಟಡ ಸಿಟಿಕಾರ್ಪ್ ಸೆಂಟರ್ 1977ರಲ್ಲಿ ಮುಗಿಯಿತು. ಉಕ್ಕಿನ ಜೋಡಣೆಗಳನ್ನು ವೆಲ್ಡ್ ಮಾಡಬೇಕು ಅಂತ ವಿನ್ಯಾಸದಲ್ಲಿತ್ತು. ಖರ್ಚು ಉಳಿಸಲು ಬೋಲ್ಟ್ ಹಾಕಿದರು. ಅದಕ್ಕೆ ಒಪ್ಪಿಗೆ ಕೊಟ್ಟದ್ದು ವಿನ್ಯಾಸ ಮಾಡಿದ ಇಂಜಿನಿಯರ್ ವಿಲಿಯಂ ಲೆಮೆಷರಿಯರ್ ಅವರ ಸ್ವಂತ ಆಫೀಸು. ತನಗೆ ತಿಳಿದದ್ದು ಆಮೇಲೆ, 1978ರಲ್ಲಿ ಅಂತ ಅವರೇ ಹೇಳಿಕೊಂಡಿದ್ದಾರೆ. ಮೂಲೆಯಿಂದ ಬೀಸುವ ಗಾಳಿಗೆ ಮತ್ತೆ ಲೆಕ್ಕ ಹಾಕಿದಾಗ ಆ ಬೋಲ್ಟ್‌ಗಳು ಸಾಲವು ಅಂತ ಗೊತ್ತಾಯಿತು. ಅವರು ಬಾಯಿ ಮುಚ್ಚಿಕೊಂಡು ಕೂರಲಿಲ್ಲ, ಬ್ಯಾಂಕಿನವರಿಗೆ ಹೇಳಿದರು. ರಾತ್ರಿ ಹೊತ್ತು ಉಕ್ಕಿನ ತಟ್ಟೆಗಳನ್ನು ವೆಲ್ಡ್ ಮಾಡಿ ಕಟ್ಟಡ ಉಳಿಸಿದರು. ಕಾಲೇಜುಗಳಲ್ಲಿ ಇದನ್ನು ಪ್ರಾಮಾಣಿಕತೆಯ ಪಾಠ ಅಂತ ಹೇಳಿಕೊಡುತ್ತಾರೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ಸುತ್ತಮುತ್ತ ಮಲಗಿದ್ದ ಜನಕ್ಕೆ ಯಾರೂ ಏನೂ ಹೇಳಲಿಲ್ಲ. ವಿಷಯ ಹೊರಗೆ ಬಂದದ್ದು 1995ರಲ್ಲಿ.

ನಮ್ಮ ಸೈಟಿಗೆ ಬರೋಣ. ಸೀನಿಯರ್ "ಪ್ಲಾಸ್ಟರ್ ಮಾಡಿದ್ರೆ ಕಾಣಲ್ಲ" ಅಂದರು. ಆ ಹೆಂಗಸರು ಕಣ್ಣ ಮುಂದೆ ಇದ್ದರು. ಮತ್ತೆ ಜಾಕಿ ಕೊಡಿಸಿ, ಮಾಲೀಕರ ಹತ್ತಿರ ನಾನೇ ಹೋದೆ. ಬ್ಯಾಂಕಿನಿಂದ ರಿಟೈರ್ ಆದವರು. ಪೂರ್ತಿ ಕೇಳಿಸಿಕೊಂಡರು, ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಇನ್ನೂ ಎಷ್ಟು ಕಡೆ ಹೀಗೆ ಬರೆದಿದ್ದೀಯಪ್ಪ?"

ಒಂದು ಕಡೆ ಅಂದೆ. ಅವರು ನಂಬಲಿಲ್ಲ. ಯಾಕೆ ನಂಬಬೇಕು? ಫೌಂಡೇಶನ್‌ನಿಂದ ಹಿಡಿದು ಪ್ರತಿ ಅಂಕಿಯ ಮೇಲೂ ಅನುಮಾನ ಬಂತು. ಚೆನ್ನಾಗಿದ್ದ ಜಾಗದಲ್ಲೂ ಡ್ರಿಲ್ ಹಾಕಿ ಕೋರ್, ಅಂದರೆ ಪರೀಕ್ಷೆಗೆ ಕಾಂಕ್ರೀಟಿನ ದುಂಡನೆ ತುಂಡು, ತೆಗೆಸಬೇಕಾಯಿತು. ಕೋರ್‌ಗಳ ಸರಾಸರಿ ಬಲ ಕ್ಯೂಬ್‌ಗೆ ಬೇಕಾದ ಬಲದ 85 ಪರ್ಸೆಂಟ್ ಬರಬೇಕು, ಯಾವುದೂ 75ರ ಕೆಳಗೆ ಹೋಗಬಾರದು. ಜಗ್ಗಿದ್ದ ಭಾಗ ಫೇಲಾಯಿತು. ಒಡೆದು ಮತ್ತೆ ಹಾಕಿದೆವು. ಮಿಕ್ಕಿದ್ದೆಲ್ಲ ಪಾಸು. ಆದರೆ ಆ ಪಾಸಿಗೂ ಕಂಟ್ರಾಕ್ಟರ್ ದುಡ್ಡು ಸುರಿಯಬೇಕಾಯಿತು.

ಈಗ ನಾನು ಬೇರೆಯವರ ರಿಜಿಸ್ಟರ್ ನೋಡುವ ಜಾಗದಲ್ಲಿದ್ದೇನೆ. 26.1, 26.2, 26.1 ಅಂತ ಪುಟಗಟ್ಟಲೆ ಇದ್ದರೆ ಅಲ್ಲೇ ಅನುಮಾನ. ಒಂದೇ ಮಾಲಿನ ಮೂರು ಕ್ಯೂಬ್ ಕೂಡ ಸರಾಸರಿಗಿಂತ 15 ಪರ್ಸೆಂಟ್ ಆ ಕಡೆ ಈ ಕಡೆ ಇರಬಹುದು ಅಂತ ನಿಯಮವೇ ಬಿಟ್ಟುಕೊಟ್ಟಿದೆ. ಕಾಂಕ್ರೀಟ್ ಅಷ್ಟು ಶಿಸ್ತಿನ ಪ್ರಾಣಿ ಅಲ್ಲ.

ಹುಡುಗರು ಕೇಳುತ್ತಾರೆ, ಮೇಲಿನವರು ಬರಿ ಅಂದರೆ ಏನು ಮಾಡೋದು ಸಾರ್, ಸಂಬಳ ಅವರ ಕೈಲಿ ಇರುತ್ತೆ ಅಲ್ವಾ? ಜಗಳ ಆಡಬೇಡಿ ಅನ್ನುತ್ತೇನೆ. "ನಾನು 12 ಅಂತಲೇ ಬರೀತೀನಿ ಸಾರ್, ರಿಮಾರ್ಕ್ಸ್ ಕಾಲಂನಲ್ಲಿ ನೀವು ಹೇಳಿದ್ದನ್ನು ಬರೆದು ಒಂದು ಸೈನ್ ಹಾಕಿಬಿಡಿ" ಅನ್ನಿ. ನಾನು ಕಂಡಂತೆ ಪೆನ್ ಕೈಗೆ ಬಂದ ಮೇಲೆ ಜಾಸ್ತಿ ಜನ ಹಿಂದೆ ಸರಿಯುತ್ತಾರೆ. ಸರಿಯದವರೂ ಇದ್ದಾರೆ. ಒಬ್ಬ ಹುಡುಗ ಇದಕ್ಕೇ ಕೆಲಸ ಬಿಟ್ಟದ್ದು ನನಗೆ ಗೊತ್ತು.

ಇನ್ನು ಹೇಳುವ ರೀತಿ. ನಮ್ಮ ಸೈಟುಗಳಲ್ಲಿ "ಆಗುತ್ತೆ ಸಾರ್" ಅಂದರೆ ಆಗಬಹುದು, ಆಗದೇ ಇರಬಹುದು, ಇನ್ನೂ ಶುರುವೇ ಮಾಡಿಲ್ಲ ಅಂತಲೂ ಇರಬಹುದು. "ಸ್ವಲ್ಪ ಕಡಿಮೆ ಬಂದಿದೆ" ಅನ್ನುವುದಂತೂ ಇನ್ನೂ ಮೋಸ. ನನ್ನ ಹುಡುಗರಿಂದ ನನಗೆ ಬರಬೇಕಾದ ಮೆಸೇಜ್ ಹೀಗಿರಬೇಕು: "ಮೂರನೇ ಮಹಡಿ, 7 ದಿನಕ್ಕೆ 12 ಬಂದಿದೆ. ಎರಡನೇ ಲಾರಿಗೆ ನೀರು ಹಾಕಿದ್ದು ನಾನು ನೋಡಿದ್ದೆ, ತಡೆಯಲಿಲ್ಲ. ಸಪೋರ್ಟ್ ಬಿಚ್ಚಿಸಿಲ್ಲ. ಮೇಲೆ ಇಟ್ಟಿಗೆ ಹೇರಿಸಿಲ್ಲ. ಮುಂದೇನು?" ಇಂಥ ಮೆಸೇಜ್ ಕಳಿಸಿದವನಿಗೆ ಬೈಯಬಾರದು ಅನ್ನುವುದು ನಾನು ನನಗೇ ಹಾಕಿಕೊಂಡ ಕಟ್ಟಳೆ. ಎರಡು ಸಲ ಮುರಿದಿದ್ದೇನೆ. ಬೈದ ಮೇಲೆ ಆ ಸೈಟಿನಿಂದ ತಿಂಗಳುಗಟ್ಟಲೆ ಬರೀ ಒಳ್ಳೆ ಸುದ್ದಿಯೇ ಬಂತು.

ಕ್ಯೂಬ್ ಕಡಿಮೆ ಬಂದ ದಿನ ನನ್ನ ಮೊದಲ ಫೋನ್ ಸೆಂಟ್ರಿಂಗ್ ಮೇಸ್ತ್ರಿಗೆ. "ಇನ್ನೊಂದು ವಾರ ಮುಟ್ಟಬೇಡಿ ಮೇಸ್ತ್ರಿ" ಅಂದರೆ ಅವರಿಗೆ ರೇಗುತ್ತದೆ. ಆ ಜಾಕಿಗಳು ಇನ್ನೊಂದು ಸೈಟಿಗೆ ಹೋಗಬೇಕಿರುತ್ತವೆ. "ವಾರದ ಬಾಡಿಗೆ ಯಾರು ಕೊಡ್ತಾರೆ ಸಾರ್?" ಅನ್ನುತ್ತಾರೆ. ಅದನ್ನೂ ಅವತ್ತೇ ಕಂಟ್ರಾಕ್ಟರ್ ಜೊತೆ ಮಾತಾಡಿ, ಎಷ್ಟು ಅಂತ ಅದೇ ಪುಟದಲ್ಲಿ ಬರೆಸುತ್ತೇನೆ.