ಹಳೇ ಕ್ಯಾಂಪರ್ ವ್ಯಾನ್: ಮನೆಯಲ್ಲಿ ಮಾಡೋದೇನು, ಗ್ಯಾರೇಜಿಗೆ ಕೊಡೋದೇನು?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. 1970ರ ದಶಕದ ಫೋಕ್ಸ್‌ವ್ಯಾಗನ್ ಕ್ಯಾಂಪರ್ (ಒಳಗೇ ಮಲಗಿ ಊರೂರು ಸುತ್ತುವ ವ್ಯಾನ್) ಒಂದನ್ನು ಕೊಂಡು, ಇಬ್ಬರು ಮಕ್ಕಳ ಜೊತೆ ಸೇರಿ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬೇಕು ಅಂತ ಆಸೆ. ಎಷ್ಟು ಕೆಲಸ ನಾವೇ ಮಾಡಬಹುದು?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಮಾಡಬಹುದು. ಆದರೆ ವೆಲ್ಡಿಂಗ್, ಬ್ರೇಕು, ಸೀಟ್ ಬೆಲ್ಟು, ಗ್ಯಾಸ್, ಈ ನಾಲ್ಕನ್ನು ಬಲ್ಲವರ ಕೈಗೇ ಕೊಡಿ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ವಾ?

ನಮ್ಮದು 1973ರದ್ದು. ನೋಡೋಕೆ ಹೋದ ದಿನ ಬಣ್ಣ ಫಳಫಳ ಹೊಳೀತಿತ್ತು. ಮಗಳು ಮನೆಯ ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ ತಂದಿದ್ದಳು. ಬಾಗಿಲ ಮೇಲಿಟ್ಟರೆ ಟಕ್ ಅಂತ ಅಂಟಿಕೊಂಡಿತು. ಹಿಂದಿನ ಚಕ್ರದ ಕಮಾನಿನ ಹತ್ತಿರ ಇಟ್ಟರೆ ಜಾರಿ ಬಿತ್ತು. ಇನ್ನೊಮ್ಮೆ ಇಟ್ಟಳು, ಮತ್ತೆ ಬಿತ್ತು. ಅಲ್ಲಿ ತಗಡೇ ಉಳಿದಿರಲಿಲ್ಲ, ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಚೌಕಾಸಿ ಮಾಡಿ ಕೊಂಡೆವು. ಮೊದಲ ವರ್ಷದ ದುಡ್ಡೆಲ್ಲ ವೆಲ್ಡಿಂಗಿಗೇ ಹೋಯಿತು.

ಈ ವ್ಯಾನಿಗೆ ಲಾರಿಗಿರುವ ಹಾಗೆ ಬೇರೆ ಚಾಸಿ ಇಲ್ಲ. ತಳ, ಪಕ್ಕ, ಮಾಡು ಎಲ್ಲಾ ಒಂದಕ್ಕೊಂದು ಬೆಸೆದುಕೊಂಡೇ ಗಟ್ಟಿಯಾಗಿ ನಿಲ್ಲುವುದು. ಹಾಗಾಗಿ ತುಕ್ಕು ಹಿಡಿದರೆ ಅಂದ ಕೆಡುವುದಷ್ಟೇ ಅಲ್ಲ, ಬಲವೇ ಹೋಗುತ್ತದೆ. ಬಾಗಿಲ ಕೆಳಗಿನ ಅಂಚು, ಜ್ಯಾಕ್ ಕೊಡುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಡ್ರೈವರ್ ಕಾಲಡಿ, ಮುಂದಿನ ಗಾಜಿನ ಕೆಳಭಾಗ, ಇಷ್ಟನ್ನು ಟಾರ್ಚ್ ಹಿಡಿದು ನೋಡದೆ ದುಡ್ಡು ಕೊಡಬೇಡಿ.

ಆಮೇಲೆ ಪೆಟ್ರೋಲ್ ಪೈಪು. ಎಂಜಿನ್ ಹಿಂದಿದೆ, ತಣ್ಣಗಾಗುವುದು ಗಾಳಿಯಿಂದ, ಪೆಟ್ರೋಲ್ ಟ್ಯಾಂಕು ಅದರ ಪಕ್ಕದಲ್ಲೇ. ಹಳೇ ರಬ್ಬರ್ ಪೈಪು ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಇಂಥ ವ್ಯಾನುಗಳು ಸುಟ್ಟುಹೋಗಲು ಇದೊಂದು ದೊಡ್ಡ ಕಾರಣ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಮಾಮೂಲಿ ಪೆಟ್ರೋಲಿನಲ್ಲಿ 10%ವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಎಥನಾಲ್ 5% ದಾಟದ ಇ5 ಪೆಟ್ರೋಲ್ ಹಾಕಿ. 40 ವರ್ಷ ದಾಟಿದ ಗಾಡಿಗೆ, ದೊಡ್ಡ ಬದಲಾವಣೆ ಮಾಡಿರದಿದ್ದರೆ, ಇಲ್ಲಿ ವರ್ಷದ ಎಂಒಟಿ ತಪಾಸಣೆ ಕಡ್ಡಾಯವಲ್ಲ. ನಾವು ಆದರೂ ಪ್ರತಿ ವರ್ಷ ಮಾಡಿಸುತ್ತೇವೆ. ನೀವೂ ಮಾಡಿಸಿ.

ಸೀಟ್ ಬೆಲ್ಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮಡಚಿದರೆ ಸೀಟು, ಬಿಡಿಸಿದರೆ ಹಾಸಿಗೆ ಆಗುವ ಬೆಂಚನ್ನು ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಮಾಡಿ, ಬೆಲ್ಟನ್ನು ಅದಕ್ಕೇ ಬಿಗಿಯುತ್ತಾರೆ. ಡಿಕ್ಕಿಯಾದರೆ ಪ್ಲೈವುಡ್ ಕಿತ್ತು ಬರುತ್ತದೆ. ಬೆಲ್ಟಿನ ಬೋಲ್ಟು ಗಾಡಿಯ ಉಕ್ಕಿಗೇ ಕಚ್ಚಬೇಕು. ಹಳೇ ವ್ಯಾನಿನ ಹಿಂದಿನ ಸೀಟಿನಲ್ಲಿ ಸೊಂಟದ ಬೆಲ್ಟು ಮಾತ್ರ ಇರಬಹುದು, ಬೆಲ್ಟೇ ಇಲ್ಲದೆಯೂ ಇರಬಹುದು. ನಿಮ್ಮ ಮಕ್ಕಳ ಸೀಟಿಗೆ ಎಂಥ ಬೆಲ್ಟ್ ಬೇಕು ಅಂತ ಮೊದಲೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಉಳಿದದ್ದೆಲ್ಲ ನಿಮ್ಮದು.

ಬಿಚ್ಚುವ ಕೆಲಸ ಮಕ್ಕಳಿಗೆ ಕೊಡಿ. ನಮ್ಮಲ್ಲಿ ಒಬ್ಬರು ಸ್ಕ್ರೂ ಬಿಚ್ಚುವುದು, ಇನ್ನೊಬ್ಬರು ಫೋಟೋ ತೆಗೆದು, ಸ್ಕ್ರೂಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಸರು ಬರೆಯುವುದು. "ಎಡ ಕಿಟಕಿ, ಮೇಲಿನ ಸಾಲು" ಅಂತ ಒಂಬತ್ತು ವರ್ಷದ ಮಗ ಸೊಟ್ಟ ಅಕ್ಷರದಲ್ಲಿ ಬರೆದ ಚೀಲ ಎರಡು ವರ್ಷ ಆದಮೇಲೆ ನಮ್ಮನ್ನು ಕಾಪಾಡಿತು. ಹಳೇ ಬಣ್ಣ ಉಜ್ಜುವಾಗ ಮಾತ್ರ ಮಕ್ಕಳನ್ನು ದೂರ ಇಡಿ. ಅದರಲ್ಲಿ ಸೀಸ ಇರಬಹುದು, ಧೂಳು ಒಳಗೆ ಹೋಗಬಾರದು.

ಒಳಗೆ, ಆಗ ವ್ಯಾನುಗಳನ್ನು ಕ್ಯಾಂಪರ್ ಮಾಡಿಕೊಡುತ್ತಿದ್ದ ಇಂಗ್ಲೆಂಡಿನ ಸಿಡ್ಮತ್ ಊರಿನ ಡೆವನ್ ಕಂಪನಿಯದ್ದೋ ಜರ್ಮನಿಯ ವೆಸ್ಟ್‌ಫಾಲಿಯಾದ್ದೋ ಮೂಲ ಕಪಾಟು ಉಳಿದಿದ್ದರೆ ದಯವಿಟ್ಟು ಕಿತ್ತೆಸೆಯಬೇಡಿ, ರಿಪೇರಿ ಮಾಡಿ. ನಮ್ಮದರಲ್ಲಿ ಏನೂ ಇರಲಿಲ್ಲ, ಹೊಸದಾಗಿ ಮಾಡಿದೆವು. ಈ ವ್ಯಾನಿನ ಒಳಗೆ ನೇರ ಗೋಡೆ ಅನ್ನುವುದೇ ಇಲ್ಲ. ಮೊದಲು ರಟ್ಟಿನ ಡಬ್ಬ ಕತ್ತರಿಸಿ, ಗೋಡೆಗೆ ಒತ್ತಿ ಹಿಡಿದು, ಮತ್ತೆ ಕತ್ತರಿಸಿ ಅಚ್ಚು ಮಾಡಿಕೊಳ್ಳಬೇಕು. ಅದನ್ನು ಪೂರ್ತಿ ಮಕ್ಕಳೇ ಮಾಡಿದರು. ಅಚ್ಚು ಕೂತ ಮೇಲೆಯೇ ಪ್ಲೈವುಡ್ಡಿಗೆ ಗರಗಸ. 9 ಮಿ.ಮೀ. ಸಾಕು, ತೂಕ ಕಮ್ಮಿ ಇದ್ದಷ್ಟೂ ಎಂಜಿನ್ನಿಗೆ ಒಳ್ಳೆಯದು. ದೀಪಕ್ಕೆ ಬೇರೆ 12 ವೋಲ್ಟ್ ಬ್ಯಾಟರಿ ಇಡಿ. ಫ್ಯೂಸು ಆ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಹಾಸಿಗೆಗೆ ಏನು ಹಾಸೋದು ಅಂತ ಯೋಚಿಸುತ್ತಿದ್ದಾಗ ಧಾರವಾಡದಿಂದ ಅತ್ತೆ ಬಂದರು. ವ್ಯಾನಿನ ಬಾಗಿಲಲ್ಲಿ ಕೂತು, ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದರು. ಆ ಹಾಸಿಗೆ ಎರಡು ತುಂಡು, ನಡುವಿನ ಸಂದು ಬೆನ್ನಿಗೆ ಒತ್ತುತ್ತದೆ. ಕೌದಿ ಹಾಸಿದ ಮೇಲೆ ಸಂದು ಇರುವುದೇ ಗೊತ್ತಾಗಲಿಲ್ಲ. ಮಗಳು ಹೊಲಿದ ಮೂರು ಸಾಲು ಈಗಲೂ ವಾರೆಯಾಗಿವೆ, ಬಿಚ್ಚೋಕೆ ಅಜ್ಜಿ ಬಿಡಲಿಲ್ಲ.

ಭಾರತದಲ್ಲಿ ಇಂಥದ್ದು ಮಾಡಬೇಕು ಅನ್ನುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಹಾಗೆ ಗಾಡಿ ಬದಲಿಸಲು ಅನುಮತಿ ಬೇಕು. 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಲು ಗಾಡಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯ ಓಡಿಸುವಂತಿಲ್ಲ.

ಕೊನೆಗೆ ಒಂದು ಕಿವಿಮಾತು. ಬ್ರೇಕು, ಬೆಲ್ಟು, ಪೆಟ್ರೋಲ್ ಪೈಪು ಸರಿಯಾದ ಕೂಡಲೇ, ಕಪಾಟು ಕಟ್ಟುವ ಮೊದಲೇ, ಬರೀ ಹಾಸಿಗೆ ಹಾಕಿಕೊಂಡು ಒಂದು ರಾತ್ರಿ ಎಲ್ಲಾದರೂ ಮಲಗಿ ಬನ್ನಿ. ನಮ್ಮ ನಕ್ಷೆಯಲ್ಲಿ ಒಲೆ ಹಾಸಿಗೆಯ ತಲೆಹತ್ತಿರ ಇತ್ತು. ಆ ರಾತ್ರಿ ಅಲ್ಲೇ ಸಣ್ಣ ಒಲೆ ಇಟ್ಟು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆವು. ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮುತ್ತಾ ಹೊರಗೋಡಿದೆವು. ಸಾಸಿವೆ ಹಾಸಿಗೆ ತುಂಬಾ. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲದ ಭಯ ಬೇರೆ. ಮಾರನೇ ದಿನವೇ ನಕ್ಷೆಯಿಂದ ಒಲೆ ತೆಗೆದೆವು. ಈಗ ಬಾಗಿಲ ಹೊರಗೆ ಮಡಚುವ ಮೇಜು ಹಾಕಿ, ಅದರ ಮೇಲೇ ಅಡುಗೆ. ಒಲೆಗೆ ಇಟ್ಟಿದ್ದ ಜಾಗದಲ್ಲಿ ಮಕ್ಕಳ ಪುಸ್ತಕದ ಕಪಾಟು ಬಂತು.