ತೆರಿಗೆ ಕೊಡೆವೆಂದ ಅಮೆರಿಕ ತೆರಿಗೆ ಕಟ್ಟಲು ಕಲಿತ ಬಗೆ

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಜನ ನೀರಿಗೆಸೆದ 342 ಪೆಟ್ಟಿಗೆ ಚಹಾ ದುಬಾರಿ ಚಹಾ ಆಗಿರಲಿಲ್ಲ. ಆ ವರ್ಷದ ಚಹಾ ಕಾಯ್ದೆ ಬೆಲೆಯನ್ನು ಇಳಿಸಿತ್ತು. ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನ ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ಅಮೆರಿಕದ ಬ್ರಿಟಿಷ್ ವಸಾಹತುಗಳಿಗೆ ಸರಕು ಕಳಿಸಬಹುದಿತ್ತು. ಬ್ರಿಟನ್ನಿನಲ್ಲಿ ಕಟ್ಟಿದ ಸುಂಕವೂ ಅದಕ್ಕೆ ವಾಪಸು ಸಿಗುತ್ತಿತ್ತು. ಉಳಿದದ್ದು ಪೌಂಡು ತೂಕಕ್ಕೆ 3 ಪೆನ್ಸ್ ಸುಂಕ. ಅದನ್ನು ಹೇರಿದ್ದು ವಸಾಹತುಗಳ ಒಬ್ಬನೇ ಒಬ್ಬ ಪ್ರತಿನಿಧಿಯೂ ಕೂರದ ಸಂಸತ್ತು. ಅಗ್ಗವೆಂದು ಕೊಂಡು ಕುಡಿದರೆ ಆ ಸಂಸತ್ತಿನ ಹಕ್ಕನ್ನೇ ಒಪ್ಪಿದಂತೆ ಎಂಬುದು ಬಾಸ್ಟನ್ನಿನವರ ತಕರಾರು. ಕಳ್ಳಸಾಗಣೆಯ ಡಚ್ ಚಹಾ ಮಾರುತ್ತಿದ್ದ ವರ್ತಕರಿಗೆ ಹೊಟ್ಟೆಪಾಡಿನ ಚಿಂತೆಯೂ ಇತ್ತು, ಅದನ್ನು ಮರೆಮಾಚಬೇಕಿಲ್ಲ.

ಅದೇ ರಾತ್ರಿ ಯಾಕೆ? ಹಡಗು ಬಂದ 20 ದಿನಗಳೊಳಗೆ ಸುಂಕ ಕಟ್ಟದಿದ್ದರೆ ಕಸ್ಟಮ್ಸ್ ಅಧಿಕಾರಿಗಳು ಸರಕನ್ನು ಜಪ್ತಿ ಮಾಡಬಹುದಿತ್ತು. ಮೊದಲು ಬಂದ ‘ಡಾರ್ಟ್‌ಮತ್’ ಹಡಗಿನ ಗಡುವು ಮರುದಿನ ಮುಗಿಯುತ್ತಿತ್ತು. ಜಪ್ತಿಯಾದ ಚಹಾ ಮಾರುಕಟ್ಟೆಗೆ ಬರುತ್ತದೆಂಬ ಭಯವೇ ಜನರನ್ನು ಹಡಗು ಹತ್ತಿಸಿತು.

ಈ ಕಥೆಯ ಒಂದು ಎಳೆ ಮೈಸೂರಿಗೂ ಬಂದು ಸೇರುತ್ತದೆ. ಬಂಗಾಳದ ಬರ, ಯುರೋಪಿನ ಸಾಲದ ಬಿಕ್ಕಟ್ಟುಗಳ ಜೊತೆಗೆ ಹೈದರಾಲಿಯ ಮೇಲಿನ ಯುದ್ಧದ ಖರ್ಚೂ ಕಂಪನಿಯ ಬೆನ್ನು ಮುರಿದಿತ್ತು. 1769ರಲ್ಲಿ ಹೈದರನ ಸೇನೆ ಮದ್ರಾಸಿನ ಹೊಸ್ತಿಲಿಗೇ ಬಂದು ತನ್ನ ಷರತ್ತಿಗೆ ಒಪ್ಪಿಸಿಕೊಂಡಿತು. ಇತ್ತ ಲಂಡನ್ನಿನ ಗೋದಾಮುಗಳಲ್ಲಿ ಚಹಾ ಮಾರಾಟವಾಗದೆ ರಾಶಿ ಬಿದ್ದಿತ್ತು. ಕಂಪನಿಯನ್ನು ಉಳಿಸಲು ಬಂದದ್ದೇ ಆ ಕಾಯ್ದೆ.

ಸ್ವಾತಂತ್ರ್ಯ ಬಂದ ಮೇಲೆ ಹೊಸ ದೇಶ ಎದುರು ತುದಿಗೆ ಹೋಯಿತು. 1781ರ ಒಕ್ಕೂಟ ಒಪ್ಪಂದದಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಕೇಂದ್ರದ ಶಾಸನಸಭೆಗೆ, ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳನ್ನು ಬೇಡಬೇಕು, ಅವು ಕೊಟ್ಟರೆ ಉಂಟು. ಆಮದಿನ ಮೇಲೆ 5% ಸುಂಕ ಹಾಕಲು ಹದಿಮೂರೂ ರಾಜ್ಯಗಳು ಒಪ್ಪಬೇಕಿತ್ತು. 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಒಲ್ಲೆ ಎಂದಿತು, ಯೋಜನೆ ಬಿದ್ದುಹೋಯಿತು. ಯುದ್ಧ ಗೆದ್ದ ಸೈನಿಕರಿಗೆ ಸಂಬಳದ ಬದಲು ಮುಂದೆ ಹಣ ಕೊಡುವೆವೆಂಬ ಚೀಟಿ ಸಿಕ್ಕಿತು. ಅನೇಕರು ಅದನ್ನು ಮೂರುಕಾಸಿಗೆ ಮಾರಿ ಊರು ಸೇರಿದರು.

ಮುಂದಿನದು ನೋವಿನ ಅಧ್ಯಾಯ. ಯುದ್ಧದ ಸಾಲ ತೀರಿಸಲು ಮ್ಯಾಸಚೂಸೆಟ್ಸ್ ರಾಜ್ಯ ಭಾರೀ ತೆರಿಗೆ ಹಾಕಿತು, ಅದೂ ನಾಣ್ಯದಲ್ಲಿ. ಹಳ್ಳಿಯ ರೈತರ ಕೈಯಲ್ಲಿ ನಾಣ್ಯವೇ ಇರಲಿಲ್ಲ. ನ್ಯಾಯಾಲಯಗಳು ಅವರ ದನ, ಹೊಲಗಳನ್ನು ಹರಾಜಿಗೆ ಹಾಕಿದವು. ಚೀಟಿ ಮಾರಿಕೊಂಡಿದ್ದ ಸೈನಿಕನೇ ಈಗ ಚೀಟಿ ಕೊಂಡವರ ಲಾಭಕ್ಕಾಗಿ ತೆರಿಗೆ ಕಟ್ಟಬೇಕಾಯಿತು. ಮಾಜಿ ಕ್ಯಾಪ್ಟನ್ ಡೇನಿಯಲ್ ಶೇಸ್ ಮುಂದಾಳಾಗಿ 1786ರಲ್ಲಿ ರೈತರು ಕೋರ್ಟುಗಳನ್ನು ಮುಚ್ಚಿಸಿದರು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಬಳಿ ಫಿರಂಗಿಗೆ ನಾಲ್ವರು ಬಲಿಯಾದರು. ದಂಗೆ ಅಡಗಿಸಲು ಕೇಂದ್ರದ ಬಳಿ ದುಡ್ಡಿಲ್ಲದೆ ಬಾಸ್ಟನ್ನಿನ ಶ್ರೀಮಂತರು ಚಂದಾ ಎತ್ತಿ ಸೇನೆ ಕಟ್ಟಿದ್ದರು.

ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನ ಎರಡು ಕೆಲಸ ಮಾಡಿತು: ತೆರಿಗೆ ವಿಧಿಸಿ ವಸೂಲು ಮಾಡುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟಿತು, ಆದಾಯದ ಮಸೂದೆ ಜನ ನೇರವಾಗಿ ಆರಿಸುವ ಕೆಳಮನೆಯಲ್ಲೇ ಹುಟ್ಟಬೇಕೆಂದು ಕಟ್ಟುಹಾಕಿತು. ಮತದ ಹಕ್ಕು ಅಂದು ಗುಲಾಮರಿಗಿರಲಿಲ್ಲ, ಹೆಂಗಸರಿಗೂ ಬಹುಮಟ್ಟಿಗೆ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು.

ಪರೀಕ್ಷೆ ಬಹಳ ಬೇಗ ಬಂತು. 1791ರಲ್ಲಿ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ವಿಸ್ಕಿಯ ಮೇಲೆ ತೆರಿಗೆ ತಂದ. ಪಶ್ಚಿಮ ಪೆನ್ಸಿಲ್ವೇನಿಯಾದ ರೈತನಿಗೆ ವಿಸ್ಕಿ ಬರಿಯ ಮದ್ಯವಲ್ಲ. ಬೆಟ್ಟದಾಚೆಗೆ ಧಾನ್ಯ ಹೊತ್ತರೆ ಸಾಗಣೆ ಖರ್ಚೂ ಹುಟ್ಟದು, ಭಟ್ಟಿ ಇಳಿಸಿ ಒಯ್ದರೆ ಮಾತ್ರ ಲಾಭ. ಊರಿನಲ್ಲಿ ಕೂಲಿಯನ್ನೂ ವಿಸ್ಕಿಯಲ್ಲೇ ಕೊಡುತ್ತಿದ್ದರು. ತೆರಿಗೆಗೆ ಮಾತ್ರ ನಗದೇ ಬೇಕು. ಭಟ್ಟಿಯ ಗಾತ್ರ ನೋಡಿ ವರ್ಷಕ್ಕಿಷ್ಟು ಎಂದು ಕಟ್ಟಿದರೆ, ವರ್ಷವಿಡೀ ಭಟ್ಟಿ ಉರಿಸುವ ದೊಡ್ಡವನಿಗೆ ಗ್ಯಾಲನ್ನಿಗೆ ತೆರಿಗೆ ಕಡಿಮೆ ಬೀಳುತ್ತಿತ್ತು, ಚಿಕ್ಕವನಿಗೆ ಹೆಚ್ಚು. ಮೊಕದ್ದಮೆಯಾದರೆ ದೂರದ ಫಿಲಡೆಲ್ಫಿಯಾಕ್ಕೆ ಅಲೆಯಬೇಕು. 1794ರ ಜುಲೈನಲ್ಲಿ ತೆರಿಗೆ ಅಧಿಕಾರಿಯ ಮನೆ ಸುಟ್ಟಿತು. ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಸೈನಿಕರನ್ನು ಕರೆಸಿ, ಒಂದಷ್ಟು ದೂರ ತಾನೇ ಕುದುರೆಯೇರಿ ಹೊರಟ. ದಂಗೆ ಕರಗಿತು, ದೇಶದ್ರೋಹದ ತೀರ್ಪು ಬಂದ ಇಬ್ಬರಿಗೂ ಕ್ಷಮೆ ಸಿಕ್ಕಿತು. 1802ರಲ್ಲಿ ಹೊಸ ಸರ್ಕಾರ ಆ ತೆರಿಗೆಯನ್ನೇ ತೆಗೆದುಹಾಕಿತು. ಇವರು ಆರಿಸಿದವರೇ ಹಾಕಿದ್ದರು, ಇವರು ಆರಿಸಿದವರೇ ತೆಗೆದರು. ಬಾಸ್ಟನ್ನಿನವರು ಕೇಳಿದ್ದ ಹಕ್ಕು ಇದೇ.

ಅಲ್ಲಿಂದ ಅಂತರ್ಯುದ್ಧದವರೆಗೆ ಕೇಂದ್ರದ ಬೊಕ್ಕಸ ಬಹುಪಾಲು ಆಮದು ಸುಂಕದ ಮೇಲೆ ನಡೆಯಿತು. 1861ರ ಯುದ್ಧ ಮೊದಲ ಆದಾಯ ತೆರಿಗೆಯನ್ನು ತಂದಿತು, 1872ರಲ್ಲಿ ಅದು ಹೋಯಿತು. 1894ರ ಮತ್ತೊಂದು ಪ್ರಯತ್ನವನ್ನು ಮರುವರ್ಷ ಸುಪ್ರೀಂ ಕೋರ್ಟ್ 5-4ರಲ್ಲಿ ರದ್ದು ಮಾಡಿತು. 1913ರ 16ನೇ ತಿದ್ದುಪಡಿ ದಾರಿ ತೆರೆಯಿತಾದರೂ, ಆಗಿನ ದರ 1%ನಿಂದ 7%, ಅದೂ ಉಳ್ಳವರಿಗೆ ಮಾತ್ರ.

ನಿಜವಾದ ತಿರುವು 1943. ಎರಡನೇ ಮಹಾಯುದ್ಧಕ್ಕೆ ಮೊದಲು ಸುಮಾರು 40 ಲಕ್ಷ ಮಂದಿ ಆದಾಯ ತೆರಿಗೆ ಕಟ್ಟುತ್ತಿದ್ದರು. 1945ಕ್ಕೆ ಆ ಸಂಖ್ಯೆ 4 ಕೋಟಿ ದಾಟಿತ್ತು. ಅಲ್ಲಿಯವರೆಗೆ ಕಳೆದ ವರ್ಷದ ತೆರಿಗೆಯನ್ನು ಈ ವರ್ಷ ಕಂತುಗಳಲ್ಲಿ ಕಟ್ಟುವ ಪದ್ಧತಿ. ತಿಂಗಳ ಸಂಬಳದವರು ಅಷ್ಟು ಹಣ ಕೂಡಿಟ್ಟಿರುವುದಿಲ್ಲ. ಹಾಗಾಗಿ 1943ರ ಜುಲೈ 1ರಿಂದ ಮಾಲೀಕನೇ ಸಂಬಳದಿಂದ ಹಿಡಿದು ಕಟ್ಟುವ ಕಾನೂನು ಬಂತು. ಒಂದೇ ವರ್ಷ ಎರಡು ವರ್ಷದ ತೆರಿಗೆ ಬೀಳದಿರಲೆಂದು ಒಂದು ವರ್ಷದ ತೆರಿಗೆಯ 75% ಮನ್ನಾ ಆಯಿತು. ಇಂದಿಗೂ ಅಮೆರಿಕನ್ನರು ಯಾಕೆ ಕಟ್ಟುತ್ತಾರೆ ಎಂಬುದಕ್ಕೆ ಉತ್ತರದ ದೊಡ್ಡ ಭಾಗ ಇಲ್ಲಿದೆ. ತೆರಿಗೆ ಇಲಾಖೆಯದೇ ಅಂದಾಜಿನಂತೆ, ಮೂಲದಲ್ಲೇ ಕಡಿತವಾಗುವ ಸಂಬಳದಲ್ಲಿ ತಪ್ಪು ಲೆಕ್ಕ 1%ರಷ್ಟು. ಯಾರೂ ವರದಿ ಮಾಡದ ನಗದು ವ್ಯವಹಾರದಲ್ಲಿ ಅರ್ಧಕ್ಕಿಂತ ಹೆಚ್ಚು. ದೇಶಭಕ್ತಿ ಎರಡೂ ಕಡೆ ಒಂದೇ, ಬದಲಾದದ್ದು ವ್ಯವಸ್ಥೆ.

ಅಲ್ಲಿ ದುಡಿಯುವ ಕನ್ನಡಿಗರು ಈ ವ್ಯವಸ್ಥೆಯೊಳಗೇ ಇದ್ದಾರೆ. ಜನವರಿ ಕೊನೆಯೊಳಗೆ ಕಂಪನಿ ವರ್ಷದ ಸಂಬಳ, ಕಡಿತಗಳ ಪಟ್ಟಿಯಾದ ಡಬ್ಲ್ಯೂ-2 ಕೊಡುತ್ತದೆ, ಏಪ್ರಿಲ್ 15ರೊಳಗೆ ಆದಾಯದ ಲೆಕ್ಕ ಒಪ್ಪಿಸುವ ಅರ್ಜಿ 1040 ಸಲ್ಲಿಸಬೇಕು. ಹೆಚ್ಚಿನ ಅವಧಿ ಕೇಳಿದರೆ ಆ ಅರ್ಜಿ ಸಲ್ಲಿಸಲಷ್ಟೇ ಆರು ತಿಂಗಳು ಸಿಗುತ್ತದೆ, ಹಣ ಕಟ್ಟಲು ಸಿಗುವುದಿಲ್ಲ. ಅನೇಕರು ಎಡವುವುದು ಇಲ್ಲೇ. ತೆರಿಗೆಯ ಲೆಕ್ಕದಲ್ಲಿ ನಿವಾಸಿಯಾದವರು ಊರಿನ ಆದಾಯವನ್ನೂ ತೋರಿಸಬೇಕು. ತಮ್ಮ ಹೆಸರಿನಲ್ಲಿರುವ ಅಡಿಕೆ ತೋಟದ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇಲ್ಲ, ಅಲ್ಲಿ ಇದೆ. ಇಲ್ಲಿ ಕಟ್ಟಿಲ್ಲವಾದ್ದರಿಂದ ಅಲ್ಲಿ ಕಳೆಯಲು ಏನೂ ಇರುವುದಿಲ್ಲ.

ಎಚ್-1ಬಿ ವೀಸಾದವರ ಸಂಬಳದಿಂದ ಸಾಮಾಜಿಕ ಭದ್ರತೆಗೆ 6.2%, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 1.45% ಹೋಗುತ್ತದೆ. ಪಿಂಚಣಿಗೆ 40 ಕ್ರೆಡಿಟ್, ಅಂದರೆ ಸುಮಾರು 10 ವರ್ಷದ ದುಡಿಮೆ ಬೇಕು. ಎರಡೂ ದೇಶಗಳ ದುಡಿಮೆಯನ್ನು ಕೂಡಿಸಿ ಎಣಿಸುವ ಒಪ್ಪಂದ ಭಾರತದೊಂದಿಗೆ ಇಲ್ಲ. ಆರು ವರ್ಷ ದುಡಿದು ಬೆಂಗಳೂರಿಗೆ ಮರಳಿದವರಿಗೆ ಆ ಹಣ ವಾಪಸು ಬರುವುದಿಲ್ಲ, ಅದನ್ನು ಪ್ರಶ್ನಿಸಲು ಅಲ್ಲಿ ಅವರಿಗೆ ಮತವೂ ಇಲ್ಲ. ಇದು ಅನ್ಯಾಯ. ರಾಜಧಾನಿ ವಾಷಿಂಗ್ಟನ್ನಿನ ನಾಗರಿಕರದೂ ಹೆಚ್ಚುಕಮ್ಮಿ ಇದೇ ದೂರು: ತೆರಿಗೆ ಪೂರ್ತಿ ಕಟ್ಟುತ್ತಾರೆ, ಕಾಂಗ್ರೆಸ್ಸಿನಲ್ಲಿ ಮತ ಹಾಕಬಲ್ಲ ಸದಸ್ಯನಿಲ್ಲ. 2000ದಿಂದ ಅವರು ಆ ದೂರನ್ನು ಕಾರಿನ ನಂಬರ್ ಫಲಕದ ಮೇಲೇ ಅಚ್ಚು ಹಾಕಿಸುತ್ತಿದ್ದಾರೆ.