ಪವಿತ್ರವೆಂದರೇನು? ಅಥೆನ್ಸಿನ ಮೊಗಸಾಲೆಯಲ್ಲಿ ಎದ್ದ ಪ್ರಶ್ನೆ

ಪ್ಲೇಟೊನ ‘ಯೂಥಿಫ್ರೊ’ ಸಂವಾದ ನಡೆಯುವುದು ಕ್ರಿ.ಪೂ. 399ರ ಅಥೆನ್ಸಿನಲ್ಲಿ, ದೈವದ್ರೋಹದ ಮತ್ತು ಕೊಲೆಯ ದೂರುಗಳನ್ನು ಮೊದಲು ಆಲಿಸುತ್ತಿದ್ದ ರಾಜ ಆರ್ಕನ್ ಎಂಬ ಅಧಿಕಾರಿಯ ಮೊಗಸಾಲೆಯ ಬಳಿ. ಮೆಲೆಟಸ್ ಹೊರಿಸಿದ ದೈವದ್ರೋಹದ ಆರೋಪಕ್ಕಾಗಿ ಸಾಕ್ರಟೀಸ್ ಅಲ್ಲಿಗೆ ಬಂದಿದ್ದಾನೆ. ಯೂಥಿಫ್ರೊ ಬಂದಿರುವುದು ಸ್ವಂತ ತಂದೆಯ ಮೇಲಿನ ಕೊಲೆ ಮೊಕದ್ದಮೆಗಾಗಿ.

ನಾಕ್ಸೋಸ್ ದ್ವೀಪದ ಅವರ ಹೊಲದಲ್ಲಿ ಕೂಲಿಯಾಳೊಬ್ಬ ಕುಡಿದ ಮತ್ತಿನಲ್ಲಿ ಮನೆಯ ಗುಲಾಮನನ್ನು ಕೊಂದಿದ್ದ. ತಂದೆ ಅವನ ಕೈಕಾಲು ಕಟ್ಟಿ ಹಳ್ಳಕ್ಕೆ ಹಾಕಿ, ಮುಂದೇನು ಮಾಡಬೇಕೆಂದು ಧರ್ಮಜ್ಞರನ್ನು ಕೇಳಿ ಬರಲು ಅಥೆನ್ಸಿಗೆ ಆಳು ಕಳಿಸಿದ. ಆಳು ಮರಳುವ ಮುನ್ನವೇ ಹಸಿವು, ಚಳಿ, ಕಟ್ಟುಗಳಿಂದ ಕೂಲಿಯವನು ಸತ್ತಿದ್ದ. ಮಗ ತಂದೆಯ ಮೇಲೆ ದಾವೆ ಹೂಡುವುದು ಅಪವಿತ್ರವೆಂದು ಮನೆಯವರು; ಹೂಡದಿರುವುದೇ ಅಪವಿತ್ರವೆಂದು ಯೂಥಿಫ್ರೊ. ಹಳ್ಳದಲ್ಲಿ ಬಿದ್ದ ಆ ಹೆಣವನ್ನು ಮರೆತು ಇದನ್ನು ಬರಿಯ ತರ್ಕದ ಕಸರತ್ತಾಗಿ ಓದುವುದು ಸರಿಯಲ್ಲವೆಂದೇ ನನ್ನ ಭಾವನೆ.

ಹಾಗಾದರೆ ಪವಿತ್ರವೆಂದರೇನು ಎಂದು ಸಾಕ್ರಟೀಸ್ ಕೇಳುತ್ತಾನೆ. ‘ನಾನೀಗ ಮಾಡುತ್ತಿರುವುದೇ’ ಎಂಬ ಮೊದಲ ಉತ್ತರ ಉದಾಹರಣೆಯಷ್ಟೇ, ಲಕ್ಷಣವಲ್ಲ. ‘ದೇವತೆಗಳಿಗೆ ಪ್ರಿಯವಾದದ್ದು’ ಎಂದರೆ, ತಮ್ಮತಮ್ಮೊಳಗೇ ಜಗಳವಾಡುವ ಗ್ರೀಕ್ ದೇವತೆಗಳಲ್ಲಿ ಒಬ್ಬರಿಗೆ ಪ್ರಿಯವಾದದ್ದು ಇನ್ನೊಬ್ಬರಿಗೆ ಅಪ್ರಿಯ. ‘ಎಲ್ಲ ದೇವತೆಗಳೂ ಮೆಚ್ಚುವುದು’ ಎಂದು ಯೂಥಿಫ್ರೊ ತಿದ್ದಿಕೊಂಡಾಗ ಸಂವಾದದ ತಿರುಳಾದ ಪ್ರಶ್ನೆ ಬರುತ್ತದೆ: ಪವಿತ್ರವಾದ್ದರಿಂದ ದೇವತೆಗಳು ಅದನ್ನು ಮೆಚ್ಚುತ್ತಾರೋ, ಅವರು ಮೆಚ್ಚುವುದರಿಂದ ಅದು ಪವಿತ್ರವೋ? ಒಂದು ವಸ್ತು ‘ಹೊತ್ತ ವಸ್ತು’ ಎನಿಸುವುದು ಯಾರೋ ಅದನ್ನು ಹೊತ್ತಿರುವುದರಿಂದ; ಹಾಗೆಯೇ ‘ಮೆಚ್ಚಿದ್ದು’ ಎನಿಸುವುದು ಯಾರೋ ಮೆಚ್ಚಿರುವುದರಿಂದ. ಆದರೆ ಪವಿತ್ರವಾದುದನ್ನು ದೇವತೆಗಳು ಮೆಚ್ಚುವುದು ಅದು ಪವಿತ್ರವೆಂಬ ಕಾರಣಕ್ಕೇ ಎಂದು ಯೂಥಿಫ್ರೊ ಆಗಲೇ ಒಪ್ಪಿಬಿಟ್ಟಿದ್ದಾನೆ. ಅಂದಮೇಲೆ ಮೆಚ್ಚುಗೆ ಪಾವಿತ್ರ್ಯದ ಒಂದು ಗುರುತು ಮಾತ್ರ, ಅದರ ಸ್ವರೂಪವಲ್ಲ.

ಮುಂದೆ ಪಾವಿತ್ರ್ಯವನ್ನು ದೇವರ ಸೇವೆಯೆಂದೂ, ಬಲಿ–ಪ್ರಾರ್ಥನೆಗಳ ಅರಿವೆಂದೂ ಕರೆದು, ಕೊಡುಕೊಳ್ಳುವ ವ್ಯಾಪಾರದವರೆಗೆ ಹೋದ ಮಾತು ಮತ್ತೆ ‘ದೇವತೆಗಳಿಗೆ ಪ್ರಿಯವಾದದ್ದು’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಯೂಥಿಫ್ರೊ ಅವಸರದ ನೆಪ ಹೇಳಿ ಹೊರಟುಹೋಗುತ್ತಾನೆ. ಅದೇ ವರ್ಷ ಸಾಕ್ರಟೀಸ್ ವಿಷ ಕುಡಿದು ಸಾಯುತ್ತಾನೆ.

ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಒಳಿತು–ಕೆಡುಕನ್ನು ಬುದ್ಧಿಯಿಂದಲೇ ಅರಿಯಬಹುದೆಂದ ಮುತಜಿಲಾ ಪಂಥದ ಇಸ್ಲಾಮೀ ಚಿಂತಕರಿಗೂ ದೇವರ ಆಜ್ಞೆಯಿಂದಲೇ ಒಳಿತು ಒಳಿತಾಗುತ್ತದೆಂದ ಅಶ್‌ಅರಿ ಪಂಥದವರಿಗೂ ನಡೆದ ವಾದದಲ್ಲಿ ಇದೇ ಗಂಟಿತ್ತು. 1686ರಲ್ಲಿ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ ಅದನ್ನು ಭಕ್ತನ ಕಡೆಯಿಂದಲೇ ಎತ್ತಿದ: ದೇವರು ಇದಕ್ಕೆ ತೀರ ವಿರುದ್ಧವಾದುದನ್ನು ಮಾಡಿದ್ದರೂ ಅಷ್ಟೇ ಸ್ತುತ್ಯನಾಗುತ್ತಿದ್ದ ಎಂದಾದರೆ, ಈಗ ಅವನು ಮಾಡಿರುವುದಕ್ಕಾಗಿ ಅವನನ್ನು ಸ್ತುತಿಸುವುದೇಕೆ?